ಕೋಟೆ ಗೋಡೆಗೆ ಜಾಲಿ, ಗುಮ್ಮಟಕ್ಕೆ ಅರಳಿ, ಅಂಗಳಕ್ಕೆ ಕಾಂಗ್ರೆಸ್ ಕಸ: ಯಾವುದನ್ನು ಹೇಗೆ ತೆಗೆಯೋದು?

ಮುಂಗಾರು ಹತ್ತಿರ ಬಂದಾಗ ಕಲಬುರಗಿ, ಬೀದರ, ಯಾದಗಿರಿ ಕಡೆಯ ಓದುಗರಿಂದ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ನಮ್ಮೂರ ಕೋಟೆ ತುಂಬಾ ಜಾಲಿ ಕಂಟಿ. ಜೆಸಿಬಿ ತರಿಸೋಣವಾ, ಆಳು ಹಚ್ಚೋಣವಾ?" "ಗುಡಿ ಮಾಳಿಗೆ ಮೇಲೆ ಅರಳಿ ಬಂದಿದೆ, ಔಷಧ ಹೊಡೆದರೆ ಸಾಯುತ್ತದಾ?" "ಇದ್ದಿಲು ಸುಡುವವರು ಪುಕ್ಕಟೆ ಕಡಿದುಕೊಂಡು ಹೋಗ್ತೀವಿ ಅಂತಾರೆ, ಬಿಟ್ಟುಬಿಡೋಣವಾ?"

ಎಲ್ಲರಿಗೂ ಒಂದೇ ಉತ್ತರ ಹೇಳಲು ಆಗುವುದಿಲ್ಲ. ಅದೇ ಜಾಲಿ ಗಿಡ (ಇಲ್ಲಿ ಜಾಲಿ ಅಂದರೆ ಬಳ್ಳಾರಿ ಜಾಲಿ) ಬಯಲಲ್ಲಿದ್ದರೆ ಒಂದು ದಾರಿ, ಬುರುಜಿನ ಬುಡದಲ್ಲಿದ್ದರೆ ಇನ್ನೊಂದು ದಾರಿ. ಹಾಗಾಗಿ ಗಿಡದ ಹೆಸರು ಕೇಳುವ ಮೊದಲು ನಾನು ಕೇಳುವುದು ಅದರ ಬೇರು ಎಲ್ಲಿದೆ ಅಂತ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪರದೇಶದ ಗಿಡಗಳೆಲ್ಲ ಕೆಟ್ಟವು, ನಮ್ಮವೆಲ್ಲ ಒಳ್ಳೆಯವು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೀದರ ಸುತ್ತ ಹುಲುಸಾಗಿ ಬೆಳೆಯುವ ಸೀತಾಫಲ ಕೂಡ ಅಮೆರಿಕ ಖಂಡದಿಂದ ಬಂದದ್ದೇ. ಅದನ್ನು ಯಾರೂ ವೈರಿ ಅನ್ನುವುದಿಲ್ಲ. ಅರಳಿ ಅಪ್ಪಟ ನಮ್ಮದೇ ಮರ. ಆದರೆ ಹಳೇ ಕಟ್ಟಡವನ್ನು ಒಡೆಯುವುದರಲ್ಲಿ ಅದಕ್ಕಿಂತ ಗಟ್ಟಿ ಗಿಡ ಇನ್ನೊಂದಿಲ್ಲ.

ಜಾಗ ಯಾರದು?

ಇದನ್ನು ಕೇಳದೆ ಕೊಡಲಿ ಎತ್ತಬೇಡಿ. ಬೀದರ ಕೋಟೆ, ಕಲಬುರಗಿ ಕೋಟೆಯಂಥವು ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಒಂದು ಗುದ್ದಲಿ ಮಣ್ಣು ತೆಗೆಯಲೂ ಅನುಮತಿ ಬೇಕು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. "ಸ್ವಚ್ಛ ಮಾಡೋಕೆ ಬಂದಿದ್ವಿ ಸಾರ್" ಅಂದರೆ ಕಾಯ್ದೆ ಕೇಳುವುದಿಲ್ಲ. ಇನ್ನು ಕೆಲವು ರಾಜ್ಯ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಊರ ಹೊರಗಿನ ಎಷ್ಟೋ ಹಾಳು ಗುಡಿ, ಬಾವಿ, ಗುಮ್ಮಟಗಳು ಯಾವ ಪಟ್ಟಿಯಲ್ಲೂ ಇಲ್ಲ. ಅಂಥ ಕಡೆ ಪಂಚಾಯಿತಿ, ಗುಡಿ ಕಮಿಟಿ ಅಥವಾ ದರ್ಗಾ ಕಮಿಟಿಯ ಲಿಖಿತ ಒಪ್ಪಿಗೆ ತಗೊಳ್ಳಿ.

ಮರ ಕಡಿಯುವುದಕ್ಕೆ ಬೇರೆ ಕಾನೂನಿದೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಜಾಲಿ, ಸುಬಾಬುಲ್‌ನಂಥ ಕೆಲವು ಮರಗಳಿಗೆ ವಿನಾಯಿತಿ ಇದೆ. ಅರಳಿ, ಬೇವು ದೊಡ್ಡ ಮರ ಆಗಿದ್ದರೆ ಅರಣ್ಯ ಇಲಾಖೆಯನ್ನು ಕೇಳಲೇಬೇಕು.

ಅಳೆದು ನೋಡಬೇಕಾದ ವಿಷಯಗಳು

ಬೇರಿನ ಜಾಗ ಎಲ್ಲಕ್ಕಿಂತ ಮುಖ್ಯ. ಬಯಲು ಮಣ್ಣಿನಲ್ಲಿದೆಯೋ, ಗೋಡೆಯ ಬುಡದಲ್ಲಿದೆಯೋ, ಕಲ್ಲಿನ ಸಂದಿಯೊಳಗೇ ಇಳಿದಿದೆಯೋ? ಬಯಲಲ್ಲಿದ್ದರೆ ಬೇರು ಸಮೇತ ತೆಗೆಯಬಹುದು. ಸಂದಿಯಲ್ಲಿದ್ದರೆ ಬೇರನ್ನು ಎಳೆದಾಗ ಕಲ್ಲೂ ಬರುತ್ತದೆ. ಹಳೇ ಗೋಡೆಯಲ್ಲಿ ಒಮ್ಮೊಮ್ಮೆ ಆ ಬೇರೇ ಕಲ್ಲನ್ನು ಹಿಡಿದುಕೊಂಡಿರುತ್ತದೆ.

ಎರಡನೆಯದು ಕಲ್ಲು. ನಮ್ಮ ಮೂರು ಜಿಲ್ಲೆಯಲ್ಲಿ ಮೂರು ಥರದ ಕಲ್ಲಿದೆ. ಬೀದರದ್ದು ಜಂಬಿಟ್ಟಿಗೆ. ಮೈತುಂಬಾ ತೂತು, ನೀರು ಕುಡಿಯುತ್ತದೆ, ಹೊಡೆದ ಔಷಧವನ್ನೂ ಕುಡಿಯುತ್ತದೆ. ಕಲಬುರಗಿಯ ಭೀಮಾ ತೀರದ ಕಡೆ ಸುಣ್ಣದ ಕಲ್ಲು. ಶಹಾಬಾದ್ ಫರಸಿ ಅಂತೀವಲ್ಲ, ಅದೇ ಜಾತಿ. ಸನ್ನತಿ ಹತ್ತಿರದ ಕನಗನಹಳ್ಳಿಯ ಸ್ತೂಪದ ಶಿಲ್ಪಗಳೂ ಸುಣ್ಣದ ಕಲ್ಲಿನವೇ. "ರಾಯೋ ಅಸೋಕೋ" ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ. ಈ ಕಲ್ಲಿಗೆ ಆಸಿಡ್ ತಾಗಿದರೆ ಬುರುಬುರು ನೊರೆ ಬಂದು ಕರಗುತ್ತದೆ. ಯಾದಗಿರಿ ಗುಡ್ಡದ್ದು ಗ್ರಾನೈಟ್, ಗಟ್ಟಿ. ಆದರೆ ಬಂಡೆಯ ಬಿರುಕಿನಲ್ಲಿ ಬೇರು ದಪ್ಪ ಆಗುತ್ತಾ ಹೋದರೆ ಗ್ರಾನೈಟೂ ಬಿಡುತ್ತದೆ. ಕಲ್ಲು ಯಾವುದೇ ಇರಲಿ, ನಡುವಿನ ಗಚ್ಚು ಹೆಚ್ಚಾಗಿ ಸುಣ್ಣದ್ದೇ. ಆಸಿಡ್, ಉಪ್ಪು ಯಾವ ಗೋಡೆಗೂ ಆಗದು.

ಆಮೇಲೆ ಗಿಡದ ಗುಣ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಅದು ಸಾಯುವುದಿಲ್ಲ, ಒಂದಕ್ಕೆ ಹತ್ತು ಚಿಗುರುತ್ತದೆ. ಚಿಗುರುವ ಕಣ್ಣುಗಳು ಮಣ್ಣಿನ ಒಳಗೂ ಇರುತ್ತವೆ. ಕಾಂಗ್ರೆಸ್ ಕಸದ ಆಟ ಬೇರೆ. ಬೇರು ಸುಲಭವಾಗಿ ಬರುತ್ತದೆ, ತೊಂದರೆ ಬೀಜದ್ದು. ಒಂದು ದೊಡ್ಡ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಮೊಳೆತು ತಿಂಗಳು, ಒಂದೂವರೆ ತಿಂಗಳಲ್ಲಿ ಹೂ ಬಿಡುತ್ತದೆ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಿದ ಕಸ ಇಡೀ ದೇಶ ಸುತ್ತಿದ್ದು ಈ ಬೀಜದ ಬಲದಿಂದಲೇ.

ಕೊನೆಯದು, ಎರಡನೇ ವರ್ಷ ಯಾರು ಬರುತ್ತಾರೆ? ಮೊದಲ ವರ್ಷ ಫೋಟೋಗೆ, ಪೇಪರಿಗೆ ಎಲ್ಲರೂ ಬರುತ್ತಾರೆ. ಮುಂದಿನ ಮಳೆಗೆ ಚಿಗುರು ಕೀಳಲು ನಾಲ್ಕು ಜನ ಇಲ್ಲದಿದ್ದರೆ ಮೊದಲ ವರ್ಷದ ದುಡ್ಡು ನೀರಿಗೆ ಹೋದಂತೆ.

ಕೈಯಿಂದ ಕೀಳುವುದು

ನನ್ನ ಮಟ್ಟಿಗೆ ಸ್ಮಾರಕದ ಹತ್ತಿರ ಮೊದಲ ಆಯ್ಕೆ ಇದೇ. ನಿಧಾನ, ಕೂಲಿ ಜಾಸ್ತಿ. ಆದರೆ ಕಣ್ಣು, ಕೈ ಎರಡೂ ಹತ್ತಿರ ಇರುತ್ತವೆ. ಕೆತ್ತನೆಯ ತುಂಡೋ, ಶಾಸನದ ಕಲ್ಲೋ ಮಣ್ಣಿನಲ್ಲಿ ಕಂಡರೆ ಅಲ್ಲೇ ನಿಲ್ಲಿಸಬಹುದು.

ಕಾಂಗ್ರೆಸ್ ಕಸಕ್ಕೆ ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ, ಹೂ ಬರುವ ಮೊದಲು ಕೈ ಹಾಕಿ. ನಮ್ಮ ಕಪ್ಪು ಮಣ್ಣಿನಲ್ಲಿ ಆಗ ಬೇರು ಸಲೀಸಾಗಿ ಬರುತ್ತದೆ. ಬೇಸಿಗೆಯಲ್ಲಿ ಕೀಳಲು ಹೋದರೆ ಕಾಂಡ ಮುರಿಯುತ್ತದೆ, ಬುಡ ಅಲ್ಲೇ ಉಳಿಯುತ್ತದೆ. ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ ಬೇಕೇ ಬೇಕು. ಇದರಿಂದ ಚರ್ಮದ ತುರಿಕೆ, ಉಬ್ಬಸ ಬರುತ್ತದೆ. ಅಲರ್ಜಿ ಇರುವವರನ್ನು, ಶಾಲೆ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬೇಡಿ. ಶ್ರಮದಾನ ಅಂದ ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಚಟ ನಮ್ಮಲ್ಲಿದೆ, ಅದನ್ನು ಬಿಡಬೇಕು.

ಜಾಲಿಗೆ ಹಾರೆ, ಗುದ್ದಲಿ. ಬುಡದ ಸುತ್ತ ಅಗೆದು, ನೆಲದಿಂದ ಒಂದಡಿ ಕೆಳಗೆ ಬೇರನ್ನು ಕತ್ತರಿಸಿದರೆ ಮತ್ತೆ ಚಿಗುರುವುದು ಬಹಳ ಕಡಿಮೆ. ಲಂಟಾನಕ್ಕೂ ಹೆಚ್ಚುಕಡಿಮೆ ಇದೇ ಉಪಾಯ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರು ಜನಪ್ರಿಯ ಮಾಡಿದ ವಿಧಾನದಲ್ಲಿ ಬುಡದ ಕೆಳಗೆ ಮುಖ್ಯ ಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಬಿಸಿಲಿಗೆ ಇಡುತ್ತಾರೆ. ಬೇರು ಮಣ್ಣಿಗೆ ತಾಗದೆ ಒಣಗಿ ಸಾಯುತ್ತದೆ.

ಲೆಕ್ಕ ಹೀಗೆ ಹಾಕಿ. 2025–26ಕ್ಕೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಊರಿನ ಕೂಲಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ, ಆದರೂ ಇದನ್ನೇ ಹಿಡಿಯೋಣ. ಹತ್ತು ಆಳು ಹತ್ತು ದಿನ ಅಂದರೆ 37,000 ರೂಪಾಯಿ. ಎರಡನೇ ವರ್ಷ ಐದು ಆಳು, ನಾಲ್ಕು ದಿನ, ಎರಡು ಸಲ: 14,800. ಮೂರನೇ ವರ್ಷ ಅದರ ಅರ್ಧ: 7,400. ಒಟ್ಟು 59,200. ನಿಮ್ಮ ಜಾಗಕ್ಕೆ ಆಳಿನ ಸಂಖ್ಯೆ ಬದಲಾಗಬಹುದು, ಲೆಕ್ಕದ ರೀತಿ ಇದೇ. ಕೈಯಲ್ಲಿ 37,000 ಮಾತ್ರ ಇದ್ದರೆ ಪೂರ್ತಿ ಜಾಗಕ್ಕೆ ಕೈ ಹಾಕಬೇಡಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜಾಗ ಆರಿಸಿ, ಅಲ್ಲೇ ಮೂರು ವರ್ಷ ನಿಲ್ಲಿ.

ಜೆಸಿಬಿ

ಗಂಟೆಗೆ ಸಾವಿರದ ಮೇಲೆ ಕೊಟ್ಟರೂ ದಿನಕ್ಕೆ ಹತ್ತಾರು ಆಳಿನ ಕೆಲಸ ಮುಗಿಸುತ್ತದೆ. ಅದಕ್ಕೇ ಪಂಚಾಯಿತಿಯವರಿಗೆ ಇದರ ಮೇಲೆ ಪ್ರೀತಿ. ಕೋಟೆಗೆ ಹೋಗುವ ದಾರಿ, ವಾಹನ ನಿಲ್ಲಿಸುವ ಜಾಗ, ಗೋಡೆಯಿಂದ ಸಾಕಷ್ಟು ದೂರದ ಬಯಲು: ಇಲ್ಲೆಲ್ಲ ಅನುಮತಿ ಇದ್ದರೆ ಬಳಸಿ, ತಪ್ಪಿಲ್ಲ.

ಆದರೆ ಮಳಖೇಡ, ಸನ್ನತಿ, ನಾಗಾವಿಯಂಥ ಹಳೇ ಅವಶೇಷಗಳ ಊರಲ್ಲಿ ಬಯಲು ಅಂತ ಕಾಣುವುದೂ ಬಯಲಲ್ಲ. ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿದ್ದ ಊರು. ಅಲ್ಲಿ ಮಣ್ಣಿನ ಒಂದೊಂದು ಪದರವೂ ಒಂದೊಂದು ಕಾಲದ್ದು. ಸನ್ನತಿಯ ಚಂದ್ರಲಾಂಬಾ ಗುಡಿಯಲ್ಲಿ 1986ರಲ್ಲಿ ಮಾಳಿಗೆ ಕುಸಿದಾಗಲೇ ಅಶೋಕನ ಶಾಸನ ಇರುವುದು ಗೊತ್ತಾಗಿದ್ದು. ಅಲ್ಲಿಯವರೆಗೆ ಆ ಕಲ್ಲು ಮೂರ್ತಿಯ ಪೀಠವಾಗಿತ್ತು. ಅಂಥ ನೆಲದಲ್ಲಿ ಜೆಸಿಬಿ ಹಲ್ಲು ಒಂದು ಬೇರಿನ ಜೊತೆ ಏನೇನು ಎತ್ತಿಹಾಕುತ್ತದೋ ಯಾರಿಗೆ ಗೊತ್ತು? ಇಲ್ಲಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದು, ಚಿಗುರನ್ನು ಮತ್ತೆ ಮತ್ತೆ ಸವರುತ್ತಾ ಬೇರನ್ನು ಸೊರಗಿಸುವುದೇ ಲೇಸು. ಅಗೆಯುವ ಮಾತೇ ಬೇಡ.

ಕಡಿದ ಬುಡಕ್ಕೆ ಔಷಧ

ಗಿಡವನ್ನು ಕಡಿದು, ಹಸಿ ಗಾಯದ ಮೇಲೆ ಕೆಲವೇ ನಿಮಿಷದಲ್ಲಿ ಕಳೆನಾಶಕವನ್ನು ಬ್ರಷ್‌ನಿಂದ ಹಚ್ಚುವುದು. ಗಿಡ ಅದನ್ನು ಬೇರಿಗೆ ಎಳೆದುಕೊಂಡು ಸಾಯುತ್ತದೆ. ತಡ ಮಾಡಿದರೆ ಗಾಯ ಒಣಗಿ ಕೆಲಸ ಕೆಡುತ್ತದೆ. ಮಳೆ ನಂತರ ಗಿಡ ಚೆನ್ನಾಗಿ ಬೆಳೆಯುವಾಗ ಮಾಡಿದರೆ ಫಲ ಜಾಸ್ತಿ.

ಬೇರು ಗೋಡೆಯೊಳಗೆ ಇಳಿದಿರುವ ಕಡೆ ಇದರ ಲಾಭ ದೊಡ್ಡದು, ಯಾಕಂದರೆ ಏನನ್ನೂ ಎಳೆಯಬೇಕಿಲ್ಲ. ತೊಡಕೂ ಅಲ್ಲೇ ಇದೆ. ಪಂಪ್ ಹಿಡಿದು ಸಿಂಪಡಿಸಿದರೆ ಜಂಬಿಟ್ಟಿಗೆ ಅದನ್ನು ಹೀರುತ್ತದೆ, ಕಲೆ ಉಳಿಯಬಹುದು. ಬೀದರದಲ್ಲಿರುವ 1472ರ ಮಹಮೂದ್ ಗವಾನ್ ಮದರಸಾದ ಬಣ್ಣದ ಹೆಂಚಿನ ಕೆಲಸದ ಹತ್ತಿರ ಪಂಪ್ ಹಿಡಿಯುವುದನ್ನು ಯೋಚಿಸಲೂ ಬೇಡಿ. ಬ್ರಷ್ ಮಾತ್ರ, ಅದೂ ಪುರಾತತ್ವ ಇಲಾಖೆಯ ರಾಸಾಯನಿಕ ವಿಭಾಗದವರು ಒಪ್ಪಿದ ಮೇಲೆ. ಡೀಸೆಲ್‌ನಲ್ಲಿ ಬೆರೆಸಿ ಹಚ್ಚುವ ರೂಢಿ ಹೊಲದಲ್ಲಿದೆ. ಕಲ್ಲಿನ ಮೇಲೆ ಅದು ಕಪ್ಪು ಕಲೆ ಬಿಡುತ್ತದೆ.

ಗ್ಲೈಫೋಸೇಟ್ ಅನ್ನುವ ಕಳೆನಾಶಕ ಅಂಗಡಿಯಲ್ಲಿ ಸಿಗುತ್ತದಲ್ಲ ಅನ್ನಬಹುದು. ಅದನ್ನು ಪರವಾನಗಿ ಇರುವ ಕೀಟ ನಿಯಂತ್ರಕರ ಮೂಲಕವೇ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಯುವಕ ಸಂಘದವರು ತಾವೇ ತಂದು ಹಚ್ಚುವ ವಸ್ತು ಅದಲ್ಲ. ನೀರಿನ ಹತ್ತಿರ ಅಂತೂ ಬೇಡವೇ ಬೇಡ. ನೆಲದಡಿಯ ಕಾಲುವೆಯಲ್ಲಿ ನೀರು ಹರಿಸುವ ಬೀದರದ ನೌಬಾದ್ ಸುರಂಗ ಬಾವಿಯ ಬಾಯಿಗಳ ಸುತ್ತ ಔಷಧ ಹಾಕಿದರೆ ಅದು ಕೆಳಗಿನ ಕಾಲುವೆಗೆ ಇಳಿಯುತ್ತದೆ. ಅಲ್ಲಿ ಕೈಗತ್ತರಿ, ಕುಡಗೋಲು, ತಾಳ್ಮೆ ಮಾತ್ರ.

ಪುಕ್ಕಟೆ ಕಡಿಯುವವರು, ಆಡು, ಬೆಂಕಿ

ಇದ್ದಿಲಿನವರ ವಿಷಯ. ಜಾಲಿ ಕಟ್ಟಿಗೆಗೆ ಬೆಲೆ ಇದೆ, ಅವರಿಗೆ ಬೇಕಾದದ್ದು ಕಾಂಡ. ಬುಡ ಬಿಟ್ಟು ಹೋಗುತ್ತಾರೆ. ಅದು ಅವರ ತಪ್ಪಲ್ಲ, ಬುಡ ಚಿಗುರಿದರೆ ಮತ್ತೆ ಕಟ್ಟಿಗೆ ಸಿಗುತ್ತದೆ ಅಲ್ವಾ? ಆದರೆ ನಿಮಗೆ ಎರಡನೇ ವರ್ಷ ಮೊದಲಿಗಿಂತ ದಟ್ಟ ಪೊದೆ ಸಿಗುತ್ತದೆ. ಕೊಡುವುದಾದರೆ ಕರಾರಿನಲ್ಲಿ ಒಂದು ಸಾಲು ಬರೆಸಿ: ಬಯಲಿನ ಬುಡಗಳನ್ನು ಒಂದಡಿ ಕೆಳಗೆ ತೆಗೆದ ಮೇಲೆಯೇ ಠೇವಣಿ ವಾಪಸ್. ಇದ್ದಿಲು ಗೂಡು ಕೋಟೆಯ ಒಳಗೆ ಹಾಕಕೂಡದು. ಗೋಡೆಗೆ ಅಂಟಿದ ಗಿಡ ಅವರು ಮುಟ್ಟಕೂಡದು. ಈ ಮೂರಕ್ಕೂ ಒಪ್ಪಿದರೆ ಕಡಿಮೆ ಬಜೆಟ್‌ನವರಿಗೆ ಇದು ನಿಜವಾಗಿಯೂ ಒಳ್ಳೆಯ ದಾರಿ. ಊರ ಬಡವರ ಒಲೆಗೂ ಇದೇ ಕಟ್ಟಿಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಅವರನ್ನು ಕೇಳದೆ ಎಲ್ಲ ಗುತ್ತಿಗೆಗೆ ಕೊಟ್ಟರೆ ಜಗಳ ಖಂಡಿತ.

ಆಡು ಮೇಯಿಸುವುದು ಅಗ್ಗ ಅಂತ ಅನಿಸುತ್ತದೆ. ಹುಲ್ಲು ಇಳಿಸಲು ಸರಿ. ಆದರೆ ಕಾಂಗ್ರೆಸ್ ಕಸವನ್ನು ಆಡು ಬಾಯಿಗೆ ಹಚ್ಚುವುದಿಲ್ಲ. ಜಾಲಿ ಕಾಯಿಯನ್ನು ಮಾತ್ರ ಇಷ್ಟಪಟ್ಟು ತಿನ್ನುತ್ತದೆ, ಹಿಕ್ಕೆಯಲ್ಲಿ ಬೀಜವನ್ನು ಊರೆಲ್ಲ ಬಿತ್ತುತ್ತದೆ. ಹೊಟ್ಟೆಯೊಳಗೆ ಹಾದು ಬಂದ ಬೀಜ ಇನ್ನೂ ಚೆನ್ನಾಗಿ ಮೊಳೆಯುತ್ತದೆ. ಕಾಯಿ ಉದುರುವ ಕಾಲದಲ್ಲಿ ಮಂದೆಯನ್ನು ಒಳಗೆ ಬಿಡಬೇಡಿ.

ಬೆಂಕಿ ಹಚ್ಚುವುದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಕಾವಿಗೆ ಕಲ್ಲಿನ ಮೇಲ್ಪದರ ಸಿಡಿಯುತ್ತದೆ, ಗಚ್ಚು ಬಿರಿಯುತ್ತದೆ, ಮಸಿ ಹೋಗುವುದಿಲ್ಲ. ಜಾಲಿಯ ಬುಡ ಮಾತ್ರ ಬದುಕಿ ಉಳಿಯುತ್ತದೆ.

ಕೀಟ ಮತ್ತು ಎದುರು ಗಿಡ

ಕಾಂಗ್ರೆಸ್ ಕಸ ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಮಳೆಗಾಲದಲ್ಲಿ ಎಲೆಯನ್ನು ಜರಡಿ ಮಾಡುತ್ತದೆ, ಒಣ ಕಾಲದಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಸೂರ್ಯಕಾಂತಿಗೂ ಬೀಳುತ್ತದೆ ಅನ್ನುವ ಗಲಾಟೆ ಒಮ್ಮೆ ಎದ್ದಿತ್ತು, ಆಮೇಲೆ ತಣ್ಣಗಾಯಿತು. ನಮ್ಮ ಒಣ ಜಿಲ್ಲೆಗಳಲ್ಲಿ ಅದೊಂದನ್ನೇ ನಂಬಿ ಕೂರಲು ಆಗದು. ಬಂದರೆ ಬರಲಿ, ಕೊಲ್ಲಬೇಡಿ.

ಇದಕ್ಕಿಂತ ನನಗೆ ಇಷ್ಟ ತೆರವಾದ ಜಾಗದಲ್ಲಿ ತಂಗಡಿ, ತಗಚೆ ಬೀಜ ಚೆಲ್ಲುವುದು. ಖರ್ಚು ಏನೂ ಇಲ್ಲದಷ್ಟು. ಇವು ಕಾಂಗ್ರೆಸ್ ಕಸವನ್ನು ಹಿಂದಕ್ಕೆ ತಳ್ಳುತ್ತವೆ. ತಂಗಡಿಯ ಹಳದಿ ಹೂ ನೋಡಲೂ ಚೆಂದ. ಬರಿ ನೆಲ ಬಿಟ್ಟು ಬಂದರೆ ಮುಂದಿನ ಮಳೆಗೆ ಕಸ ಮೊದಲು ಕೂರುವುದು ಅಲ್ಲೇ. ಗೋಡೆಯ ಬುಡ ಮಾತ್ರ ಖಾಲಿ ಇರಲಿ. ಅಲ್ಲಿ ಹುಲ್ಲು ಸಾಕು.

ಅರಳಿಯ ವಿಷಯಕ್ಕೆ ಬರೋಣ

ಹಕ್ಕಿ ಹಣ್ಣು ತಿಂದು ಗುಮ್ಮಟದ ಮೇಲೆ ಹಿಕ್ಕೆ ಹಾಕುತ್ತದೆ, ಮಳೆಗೆ ಸಂದಿಯಲ್ಲಿ ಮೊಳಕೆ ಬರುತ್ತದೆ. ಮೊದಲ ಒಂದೆರಡು ವರ್ಷ ಎರಡು ಬೆರಳಲ್ಲಿ ಕಿತ್ತು ಬಿಸಾಡಬಹುದು. ಮಣಿಕಟ್ಟಿನಷ್ಟು ದಪ್ಪ ಆದ ಮೇಲೆ ಯಾರೂ ಎಳೆಯಬೇಡಿ. ಮೇಲಿನ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಕಡಿದು ಭಾರ ಇಳಿಸಬೇಕು. ಬೇರನ್ನು ಒಳಗೇ ಸಾಯಿಸಬೇಕು. ಅದು ಒಣಗಿ ಸಡಿಲ ಆದ ಮೇಲೆ ಸಿಕ್ಕಷ್ಟು ತೆಗೆದು, ಪೊಳ್ಳನ್ನು ಸುಣ್ಣದ ಗಚ್ಚಿನಿಂದ ತುಂಬಬೇಕು. ಇದು ಕುಶಲ ಗೌಂಡಿ ಮತ್ತು ಇಲಾಖೆಯ ಎಂಜಿನಿಯರ್ ಸೇರಿ ಮಾಡುವ ಕೆಲಸ. ಊರಿನವರು ಮಾಡಬಹುದಾದದ್ದು ಫೋಟೋ ತೆಗೆದು ಅರ್ಜಿ ಕೊಡುವುದು.

ಸಿಮೆಂಟ್ ಬೇಡ. "ಗಟ್ಟಿಯಾಗಿರಲಿ" ಅಂತ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಸಿಕ್ಕಿಬಿದ್ದು ಪಕ್ಕದ ಕಲ್ಲು, ಸುಣ್ಣ ಎರಡನ್ನೂ ಹಾಳು ಮಾಡುತ್ತದೆ. ಬಿರುಕು ಪಕ್ಕದಲ್ಲೇ ಏಳುತ್ತದೆ, ಅಲ್ಲೇ ಹೊಸ ಅರಳಿ. ಇಂಗು ತುಂಬಿದರೆ ಮರ ಸಾಯುತ್ತದೆ ಅನ್ನುವ ಮಾತಿದೆ. ಅದನ್ನು ನಂಬಿ ಒಂದು ಮಳೆಗಾಲ ಕಳೆಯಬೇಡಿ.

ನಿಮ್ಮ ಜಾಗ ಯಾವ ಥರದ್ದು?

ಬೀದರ ಕೋಟೆಯ ಕಂದಕದಂಥ ಜಾಗ: ಬಂಡೆಯಲ್ಲೇ ಕೊರೆದ ಸಾಲು ಸಾಲು ಕಂದಕ, ತಳದಲ್ಲಿ ಮಣ್ಣು, ಪಕ್ಕದಲ್ಲಿ ಜಂಬಿಟ್ಟಿಗೆ. ಇಲಾಖೆ ಒಪ್ಪಿದರೆ ತಳದ ಜಾಲಿಗೆ ಕೈಯಿಂದ ಬೇರು ಕತ್ತರಿಸುವುದು, ಗೋಡೆಯ ಜಾಲಿಗೆ ಬ್ರಷ್ ಔಷಧ. ಯಂತ್ರ ಇಳಿಸಿದರೆ ಅಂಚು ಕುಸಿಯುತ್ತದೆ.

ನೀರು ನಿಂತ ಕಂದಕ, ಬಾವಿ, ಹೊಂಡ: ಕಲಬುರಗಿ ಕೋಟೆಯಂತೆ ಊರ ನಡುವೆ ಇರುವ ಕಂದಕಕ್ಕೆ ಕೊಳಚೆ ಸೇರಿದರೆ ಜಲಕಳೆ ಹುಲುಸಾಗುತ್ತದೆ. ಕಳೆಯನ್ನು ಎಷ್ಟು ಸಲ ಎತ್ತಿದರೂ ಕೊಳಚೆ ನಿಲ್ಲದೆ ಅದು ನಿಲ್ಲುವುದಿಲ್ಲ. ಇಲ್ಲಿ ದುಡ್ಡು ಮೊದಲು ಚರಂಡಿಗೆ ಹೋಗಬೇಕು, ಆಮೇಲೆ ಕಳೆಗೆ. ಎತ್ತಿದ ಕಳೆಯನ್ನು ದಡದಲ್ಲೇ ಬಿಟ್ಟರೆ ಮೊದಲ ಮಳೆಗೆ ವಾಪಸ್ ಒಳಗೆ ಹೋಗುತ್ತದೆ, ಅದನ್ನು ಸಾಗಿಸುವ ಖರ್ಚೂ ಸೇರಿಸಿ.

ಯಾದಗಿರಿಯಂಥ ಗುಡ್ಡದ ಕೋಟೆ: ಯಂತ್ರ ಹತ್ತುವುದಿಲ್ಲ, ಆ ಚಿಂತೆ ಇಲ್ಲ. ಕಡಿದದ್ದನ್ನು ಇಳಿಸುವುದೇ ದೊಡ್ಡ ಕೆಲಸ. ಹಾಗಾಗಿ ಎಲ್ಲ ಕಡೆ ಕೈ ಹಾಕದೆ ಮೆಟ್ಟಿಲ ದಾರಿ, ಬಾಗಿಲು, ಮೇಲಿನ ನೀರಿನ ಹೊಂಡಗಳ ಅಂಚು ಇಷ್ಟನ್ನೇ ಆರಿಸಿ. ಪೊದೆಯಲ್ಲಿ ಹಾವು, ಬಂಡೆಯಲ್ಲಿ ಹೆಜ್ಜೇನು ಇರುತ್ತವೆ. ಗೊತ್ತಿರುವವರನ್ನು ಮುಂದೆ ಕಳಿಸಿ.

ದುಡ್ಡೇ ಇಲ್ಲ, ವಾರಕ್ಕೆ ಒಂದು ಬೆಳಗ್ಗೆ ಬರುವ ನಾಲ್ಕು ಜನ ಇದ್ದಾರೆ ಅಂದರೆ ಜಾಲಿಯ ದೊಡ್ಡ ಪೊದೆಗಳನ್ನು ಸದ್ಯಕ್ಕೆ ಮರೆತುಬಿಡಿ. ಅನುಮತಿ ತಗೊಂಡು, ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ, ಏಣಿ ಇಲ್ಲದೆ ಕೈಗೆ ಸಿಗುವ ಎತ್ತರದ ಗೋಡೆಯನ್ನೆಲ್ಲ ಸುತ್ತಿ ಅರಳಿ, ಆಲ, ಬೇವಿನ ಎಳೆ ಸಸಿಗಳನ್ನು ಕಿತ್ತುಹಾಕಿ. ಮೇಲಿರುವ ಸಸಿಗಳ ಫೋಟೋ ತೆಗೆದು, ಯಾವ ಗೋಡೆ, ಯಾವ ದಿಕ್ಕು ಅಂತ ಬರೆದು ಇಲಾಖೆಗೆ ಕೊಡಿ. ಮುಂದಿನ ವರ್ಷ ಅದೇ ಗೋಡೆ, ಅದೇ ಪಟ್ಟಿ ಹಿಡಿದು ಹೋಗಿ.